ಪಠ್ಯ ಹೊಕ್ಕ ಓಲ್ಡಾನೆ

ಓದಿದವರ ಮುಂದೆ ಸುಳ್ಳು ಹೇಳುವುದು ಬಹಳ ಸುಲಭ. ಓದದವರಾದರೆ ಬೂಸಿ ಬಿಡಬೇಡ ಎಂದು ಎದ್ದು ಹೋಗುತ್ತಾರೆ. ಓದಿದವರು ಅದಕ್ಕೊಂದು ಅರ್ಥ ಹುಡುಕಿಕೊಡುತ್ತಾರೆ. ಇದನ್ನು ನಾನು ಕಲಿತದ್ದು ನನ್ನ ತಮ್ಮನಿಂದ. ನಾನು ಏಳನೇ ಕ್ಲಾಸಿನ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು, ಶ್ರೀರಾಂಪುರದಲ್ಲಿ ಹೊಲಿಗೆ ಮಿಷನ್ನು ತುಳಿಯುವವಳು. ಅವನು ಯೂನಿವರ್ಸಿಟಿಯಲ್ಲಿ ಅದೇ ಇಂಗ್ಲಿಷ್ ಕಲಿಸುವ ಮೇಷ್ಟ್ರು. ಒಂದೇ ಮನೆಯಲ್ಲಿ ಇಬ್ಬರೂ ಪಾಸಾದರೆ ದೃಷ್ಟಿ ತಾಗುತ್ತಿತ್ತು.

ಅವನೀಗ ಇಂಗ್ಲಿಷ್ ಪಠ್ಯ ಬದಲಿಸುವ ಸಮಿತಿಯಲ್ಲಿದ್ದಾನೆ. ಬ್ರಿಟಿಷರು ಹೋದರೂ ಅವರ ಸಿಲಬಸ್ಸು ಹೋಗಿಲ್ಲ, ಹಿಮ ಕಾಣದ ಹಿರಿಯೂರಿನ ಹುಡುಗರು ಹಿಮದ ಮೇಲೆ ಪುಟಗಟ್ಟಲೆ ಬರೆಯುತ್ತಾರೆ ಎಂಬುದು ಅವನ ಸಂಕಟ. ನ್ಯಾಯವಾದ ಮಾತೇ. ಹಿಮದ ಪದ್ಯ ಬಾಯಿಗೆ ಬಾರದೆ ಬೆಂಚಿನ ಮೇಲೆ ನಿಂತವಳು ನಾನು. ಆ ಸಮಿತಿ ಆಗಲೇ ಇದ್ದಿದ್ದರೆ ನಾನೂ ಮೇಡಂ ಆಗಿರುತ್ತಿದ್ದೆ. ತೊಂದರೆ ಶುರುವಾದದ್ದು, ಹಿಮ ತೆಗೆದ ಜಾಗಕ್ಕೆ ಅವನು ನಮ್ಮ ಅವ್ವನ ಜೋಗುಳ ತಂದಾಗ.

ಓಲ್ಡಾನೆ ಓಲ್ಡಾನೆ,
ಒಳಗ್ ಬರ್ರಿ ಒಳಗ್ ಬರ್ರಿ,
ಹಿಂದೆ ಜಾಗ ಐತೆ.

ಓಲ್ಡಾನೆ ಎಂದರೆ ಓಲಾಡುವ ಆನೆಯಂತೆ, ದುರ್ಗದ ಪಾಳೇಗಾರರ ಕಾಲದ್ದಂತೆ. ಒಳಗೆ ಬರ್ರಿ ಎನ್ನುವುದು ನಮ್ಮ ಜನರ ಔದಾರ್ಯ. ಹಿಂದೆ ಜಾಗ ಐತೆ ಎನ್ನುವುದು ಹಿಂದುಳಿದವರಿಗೆ ಕೊಟ್ಟ ಭರವಸೆ. ಇಷ್ಟನ್ನೂ ಅವನು ಫೋನಿನಲ್ಲಿ ಭಾವುಕನಾಗಿ ವಿವರಿಸುವಾಗ ನಾನು ಕುಪ್ಪಸದ ತೋಳನ್ನು ತಿರುವುಮುರುವು ಹೊಲಿದಿದ್ದೆ.

ನಿಜ ಹೇಳಿಬಿಡುತ್ತೇನೆ. ಅವ್ವ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ಹೊಸದುರ್ಗದ ಬಸ್ಸು ಹತ್ತಿದರೆ ಮಾತ್ರ ಕಂಡಕ್ಟರನ ಕೂಗಿಗೆ ತಣ್ಣಗಾಗಿ ನಿದ್ದೆ ಹೋಗುತ್ತಿದ್ದ. ಮನೆಯಲ್ಲಿ ಬಸ್ಸಿರಲಿಲ್ಲ. ನನ್ನ ಮೊಣಕಾಲನ್ನೇ ಬಸ್ಸು ಮಾಡಿ ಅವನನ್ನು ಕೂರಿಸಿಕೊಂಡು, ಬಸ್ಸು ನಿಲ್ಲಿಸಲು ಕಂಡಕ್ಟರು 'ಹೋಲ್ಡ್ ಆನ್' ಎಂಬುದನ್ನು ತಿರುಚಿ ಕೂಗುವ ಓಲ್ಡಾನ್‌ಗೆ ರಾಗ ಹಾಕಿದೆ. ದೊಡ್ಡವನಾಗಿ ಒಮ್ಮೆ, ಅವ್ವ ನಂಗೆ ಏನಾದ್ರೂ ಹಾಡ್ತಿದ್ಲಾ ಎಂದು ಕೇಳಿದ. ಆ ಮುಖಕ್ಕೆ ಇಲ್ಲ ಎನ್ನಲಾಗಲಿಲ್ಲ. ಅವ್ವನದೆಂದು ಅವನ ಬಳಿ ಇದ್ದದ್ದು ಆಮೇಲೆ ಅದೊಂದೇ. ಅದನ್ನೀಗ ಅವನು ಇಂಗ್ಲಿಷಿಗೆ ಅನುವಾದ ಮಾಡಿದ್ದ, ಅಂದರೆ ಇಂಗ್ಲಿಷನ್ನೇ ಇಂಗ್ಲಿಷಿಗೆ. ಹೇಳಿದರೆ ಆನೆಯೂ ಹೋಗುತ್ತದೆ, ಅವ್ವನೂ ಹೋಗುತ್ತಾಳೆ.

ಸಮಿತಿಯವರು ನನ್ನ ಬಾಯಲ್ಲೇ ಹಾಡು ಕೇಳಬೇಕೆಂದರು. ಕರೆದೊಯ್ಯಲು ತಮ್ಮ ಬಂದ. ಕಾರು ಗ್ಯಾರೇಜಿನಲ್ಲಿದ್ದುದರಿಂದ ಬಸ್ಸೇ ಗತಿಯಾಯಿತು. ಬಾಗೂರಿನ ಕಡೆಯ ಹೆಂಗಸರು ಬುಟ್ಟಿ ಸಮೇತ ಬಾಗಿಲಲ್ಲಿ ತುಂಬಿಕೊಂಡರು. ಕಂಡಕ್ಟರು ಗಂಟಲು ಬಿಚ್ಚಿದ.

"ಓಲ್ಡಾನ್, ಓಲ್ಡಾನ್. ಒಳಗ್ ಬರ್ರಿ, ಹಿಂದೆ ಜಾಗ ಐತೆ."

ನಾನು ಕಿಟಕಿಯಾಚೆಯ ತೆಂಗಿನ ತೋಟವನ್ನು ಜೀವಮಾನದಲ್ಲೇ ನೋಡದವಳಂತೆ ನೋಡಿದೆ.

"ಅಕ್ಕ, ಇವನಿಗೂ ಅವ್ವನೇ ಜೋಗುಳ ಹೇಳಿದ್ಲೇನೆ?"

"ಅವ್ವ ಹಾಡಿಲ್ಲ ಕಣೋ. ನಾನೇ."

ಹೊಸದುರ್ಗದಲ್ಲಿ ಇಳಿಯುವಾಗ ಅವನು ನನ್ನ ಚೀಲ ತಾನೇ ಎತ್ತಿಕೊಂಡ.

"ಹಂಗಾದ್ರೆ ನಂಗೆ ನೆನಪಿರೋ ದನಿ ನಿಂದು."

"ನಂದೇ. ಮಾತು ಬಸ್ಸಿಂದು. ನಿನ್ನ ಆನೆ ಹೋಯ್ತಲ್ಲೋ."

"ಹೋಗ್ಲಿ ಬಿಡು. ಓಲ್ಡಾನ್ ಅಂತ ಇಂಗ್ಲೆಂಡಿನೋರ ಮುಂದೆ ಕೂಗು, ಒಬ್ಬನಿಗೂ ತಿಳಿಯಲ್ಲ. ಅದು ಈಗ ನಮ್ದೇ."

ಆ ಮಾತನ್ನೇ ಅವನು ಸಮಿತಿಗೂ ಹೇಳಿದ. ಹಾಡು ಉಳಿಯಿತು, ಆನೆ ಹೋಗಿ ಬಸ್ಸು ಬಂತು, ಅವ್ವನ ಹೆಸರಿದ್ದ ಕಡೆ ನನ್ನ ಹೆಸರು ಬಿತ್ತು. ಮೊನ್ನೆ ಫೋನು ಮಾಡಿ ಇಂಗ್ಲಿಷ್ ಪರೀಕ್ಷೆಯ ಪ್ರಶ್ನೆಯೊಂದನ್ನು ಓದಿದ: 'ಹಿಂದೆ ಜಾಗ ಐತೆ' ಎಂಬ ಸಾಲಿನ ಸ್ವಾರಸ್ಯವನ್ನು ವಿವರಿಸಿ. ಎಷ್ಟು ಯೋಚಿಸಿದರೂ, ಹಿಂದಿನ ಸೀಟು ಖಾಲಿ ಇದೆ ಎಂಬುದನ್ನು ಬಿಟ್ಟು ನನಗೇನೂ ಹೊಳೆಯಲಿಲ್ಲ. ಮತ್ತೆ ಇಂಗ್ಲಿಷಿನಲ್ಲೇ ಫೇಲು. ಈ ಸಲ ಪದ್ಯವೂ ನನ್ನದೇ.