ನಾನ್‌ಖಟಾಯಿ ಮತ್ತು ನೆತ್ತಿಗೇರಿದ ಪಿತ್ತ

ಸಿಟ್ಟು ಮಾಡ್ಕೋಬೇಡ ಅಂತ ಬುದ್ಧಿ ಹೇಳೋರು ಯಾರೂ ಸೌದೆ ಭಟ್ಟಿಯ ಮುಂದೆ ನಿಂತವರಲ್ಲ. ತರೀಕೆರೆ ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಬೇಕರಿ ಇದ್ದಷ್ಟು ಕಾಲವೂ ಪಿತ್ತ ನೆತ್ತಿಗೇರಿಸುವಂಥದ್ದು ವಾರಕ್ಕೊಂದಾದರೂ ನಡೆಯುತ್ತಲೇ ಇತ್ತು. ಎಲ್ಲದಕ್ಕೂ ಮೂಲ ನಾನ್‌ಖಟಾಯಿ ಬಿಸ್ಕತ್ತು. ಅಂಗಡಿಯ ಹೆಸರು ನಿಂತಿದ್ದೇ ಅದರ ಮೇಲೆ. ಅದರ ಹದ ಗೊತ್ತಿದ್ದದ್ದು ನಮ್ಮ ಅಮ್ಮಿಗೆ ಮಾತ್ರ, ಅವಳಿಗೆ ಅವಳ ಅಜ್ಜಿಯಿಂದ ಬಂದದ್ದು. ಅವಳು ಮನೆಯಲ್ಲಿ ಕಲಸಿ ಕಳಿಸೋಳು, ನಾನು ಭಟ್ಟಿಗೆ ಇಡುತ್ತಿದ್ದೆ. ಅವಳ ಮಣಿಕಟ್ಟು ಊದಿಕೊಳ್ಳತೊಡಗಿದಾಗ ನನಗೆ ದಿಗಿಲಾಯಿತು. ಆ ಕೈ ನಿಂತರೆ ಅಂಗಡಿಗೆ ಬೀಗವೇ.

ಹೆಬ್ಬೆಟ್ಟು

ಆಗೆಲ್ಲ ಮದುವೆ, ಹಬ್ಬ ಅಂದರೆ ಜನ ಮನೆಯಲ್ಲೇ ಬಿಸ್ಕತ್ತಿನ ಹಿಟ್ಟು ಕಲಸಿ, ಉಂಡೆ ಮಾಡಿ, ತಟ್ಟೆಯಲ್ಲಿ ಜೋಡಿಸಿ ತರೋರು. ನಾನು ಬೇಯಿಸಿ ಕೊಡಬೇಕು. ಅಜ್ಜಂಪುರದ ಮೇಷ್ಟ್ರೊಬ್ಬರು ಹಾಗೆ ನಾಲ್ಕು ತಟ್ಟೆ ತಂದರು. ನಾನೆಲ್ಲಿ ಅದಲು ಬದಲು ಮಾಡಿಬಿಡುತ್ತೇನೋ ಅಂತ ಅನುಮಾನ. ಒಂದೊಂದರ ಮೇಲೂ ಹೆಬ್ಬೆಟ್ಟು ಒತ್ತಿ ಗುರುತು ಮಾಡಿಟ್ಟಿದ್ದರು. ಬೆಂದ ಮೇಲೆ ಬಿಸ್ಕತ್ತು ಉಬ್ಬಿ ಗುರುತು ಮಾಯವಾಯಿತು.

"ನನ್ನ ಹೆಬ್ಬೆಟ್ಟು ಎಲ್ರೀ?" ಅಂದರು.

ನನಗೆ ಮೈಯೆಲ್ಲಾ ಉರಿದುಹೋಯಿತು. "ಈಗ ಒತ್ತಿ ನೋಡ್ಕೊಳ್ಳಿ ಸಾರ್" ಅಂದೆ.

ಆಗ ತಾನೇ ಭಟ್ಟಿಯಿಂದ ತೆಗೆದ ತಟ್ಟೆ. ಮಹಾನುಭಾವರು ಒತ್ತೇಬಿಟ್ಟರು. ಸೀಮೆಸುಣ್ಣ ಹಿಡಿಯೋಕಾಗದೆ ವಾರಪೂರ್ತಿ ಮಕ್ಕಳಿಗೆ ಬಾಯಿಪಾಠವೇ ಆಯಿತಂತೆ.

ತಕ್ಕಡಿ

ಸೇರು ಹೋಗಿ ಕಿಲೋ ಬಂದಿತ್ತು. ಹೊಸ ತೂಕದ ಬಟ್ಟುಗಳನ್ನು ನೋಡಿದಾಗ ನನಗೊಂದು ಉಪಾಯ ಹೊಳೆಯಿತು. ಅಮ್ಮಿ ಕಲಸುವ ಮೊದಲು ಮನೆಯ ಮೈದಾ, ಸಕ್ಕರೆ, ತುಪ್ಪದ ಡಬ್ಬಿ ಎಲ್ಲವನ್ನೂ ಕದ್ದು ತೂಗಿದೆ. ಕಲಸಿದ ಮೇಲೆ ಮತ್ತೆ ತೂಗಿದೆ. ಎಷ್ಟು ಕಮ್ಮಿಯಾಗಿದೆಯೋ ಅಷ್ಟೇ ಅಳತೆ.

ತುಪ್ಪ ಒಂದು ಗ್ರಾಮೂ ಕಮ್ಮಿಯಾಗಿರಲಿಲ್ಲ. ಅಜ್ಜಿಯ ಗುಟ್ಟೇ ಇದು, ತುಪ್ಪವೇ ಬೇಡ ಅಂದುಕೊಂಡು ಹಾಗೇ ಮಾಡಿದೆ. ಎಮ್ಮೆದೊಡ್ಡಿಯ ದನ ಕಾಯುವವನೊಬ್ಬ ಕೊಂಡುಹೋದವನು ಮಾರನೇ ದಿನ ಪೊಟ್ಟಣ ವಾಪಸ್ ತಂದ.

"ಹೋರಿ ಮೂಸಿ ನೋಡ್ತು ಸಾಬ್ರೆ, ಮುಖ ತಿರುಗಿಸ್ಕೊಂಡ್‌ಬಿಡ್ತು" ಅಂದ.

ಅಮ್ಮಿ ನನ್ನ ಕಳ್ಳತನ ಕಂಡು ಅವತ್ತು ಪಕ್ಕದ ಮನೆಯ ತುಪ್ಪ ಹಾಕಿದ್ದಳು. ಹೋರಿಯ ಮೇಲೂ ಅಮ್ಮಿಯ ಮೇಲೂ ಒಟ್ಟಿಗೇ ಸಿಟ್ಟು ಬಂದದ್ದು ಅದೊಂದೇ ಸಲ.

ಗುಟ್ಟು

ಅಂತರಘಟ್ಟೆಯ ಗೌಡತಿಯೊಬ್ಬಳು ಮಗಳ ಸೀಮಂತಕ್ಕೆ ಅಂತ, ಮಗಳನ್ನೂ ಕರಕೊಂಡು, ಒಂದು ತಟ್ಟೆ ತಂದಳು. ಗಿರಾಕಿಗಳ ತಟ್ಟೆಗೆ ನಾನು ಬಾಯಿ ಹಾಕಿದವನಲ್ಲ. ಅವತ್ತು ಒಂದು ಬಿಸ್ಕತ್ತು ಮುರಿಯಿತು. "ತಿನ್ನಪ್ಪ" ಅಂತ ಆಯಮ್ಮನೇ ಕೊಟ್ಟಳು. ತಿಂದೆ. ನಮ್ಮದೇ ರುಚಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಯಾರಮ್ಮ ಇದನ್ನ ಕಲಿಸಿದ್ದು?" ಅಂತ ಕಿರುಚಿದೆ.

"ನಿಮ್ಮವ್ವನೇ ಕಣಪ್ಪ. ಮೂರು ವರ್ಷದಿಂದ ನೀನೇ ಬೇಯ್ಸಿ ಕೊಡ್ತಿದೀಯಲ್ಲ."

ಮಗಳ ಮುಂದೆಯೇ ಆಯಮ್ಮನಿಗೆ ಬಾಯಿಗೆ ಬಂದಂಗೆ ಬೈದೆ. ಅಂಗಡಿ ಹಾಗೇ ಬಿಟ್ಟು ಮನೆಗೆ ಓಡಿದೆ.

"ಎಷ್ಟು ಜನಕ್ಕೆ ಹೇಳಿದೀಯ ಅಮ್ಮಿ?"

"ಕೇಳ್ದೋರಿಗೆಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಇಣುಕ್ದೆ, ತೂಗ್ದೆ, ಕೂಗಾಡ್ದೆ. ಕೇಳಿದ್ದು ಯಾವತ್ತೋ?"

ನಾಚಿಕೆಯಾಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ. "ಸರಿ, ಈಗ ಕೇಳ್ತಿದೀನಿ" ಅಂದೆ.

"ನಂದು ಕೈಯಳತೆ, ಬಾಯಲ್ಲಿ ಹೇಳೋಕೆ ಬರಲ್ಲ. ಮಾಡಿ ತೋರಿಸೋಣ ಅಂದ್ರೆ ಈಗ ಕೈಯೇ ಏಳಲ್ಲ. ಆ ಗೌಡತಿ ನಾನು ಹಾಕೋದನ್ನೆಲ್ಲ ಪಾವಲ್ಲಿ ಅಳೆದು ನೋಡ್ಕೊಂಡಿದಾಳೆ. ಹೋಗಿ ಅವಳನ್ನೇ ಕೇಳು."

ಮಾರನೇ ದಿನ ಹಲ್ಲು ಕಚ್ಚಿಕೊಂಡು ಅಂತರಘಟ್ಟೆಗೆ ಹೋದೆ. ಅಮ್ಮಿಯ ಅಜ್ಜಿಯಿಂದ ನಮ್ಮ ಮನೆಗೆ ಬಂದದ್ದು, ಅದನ್ನು ನಾನು ಪರರ ಜಗಲಿಯಲ್ಲಿ ಕೈಕಟ್ಟಿ ನಿಂತು ಬೇಡಬೇಕು. ಬೈದದ್ದು ತಪ್ಪಾಯಿತು ಅಂದೆ. ಗೌಡತಿ ಮಜ್ಜಿಗೆ ಕೊಟ್ಟಳು, ಚಾಪೆ ಹಾಕಿ ಕೂರಿಸಿದಳು. ಆಮೇಲೆ ಬೀದಿಯತ್ತ ಒಮ್ಮೆ ನೋಡಿ, ಬಾಗಿಲು ಮುಂದಕ್ಕೆ ಎಳೆದು, ದನಿ ತಗ್ಗಿಸಿದಳು.

"ಹೇಳ್ಕೊಡ್ತೀನಿ ಕಣಪ್ಪ. ಆದ್ರೆ ಇನ್ನೊಬ್ರ ಹತ್ರ ಬಾಯಿ ಬಿಡ್ಬ್ಯಾಡ. ಇದು ನಮ್ಮನೆ ಗುಟ್ಟು."