ಮಾವನ ಕಪ್ಪಂಚಿನ ಹೇಂಟೆ

ನಮ್ಮ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಕೋಳಿಯ ಮುಖ ಮಾತ್ರ ಒಮ್ಮೆ ನೋಡಿದರೆ ಸಾಯುವತನಕ ಮರೆಯುವುದಿಲ್ಲ! ಸುಳ್ಳು ಎನ್ನುತ್ತೀರಾ? ಕಾಲೇಜಿನ ರಜೆಗೆಂದು ತೆಲಿಗಿಯ ಅವನ ಮನೆಗೆ ಹೋದರೆ, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದವನು ತಲೆಯೆತ್ತಿ, "ಯಾರ ಮಗಳಬೇ ನೀನು?" ಎಂದ. ಕೇಳಿದ್ದು ಸ್ವಂತ ಅಕ್ಕನ ಮಗಳನ್ನು! ಅಷ್ಟರಲ್ಲಿ ನನ್ನ ಹಿಂದೆಯೇ ಒಂದು ಹುಂಜ ಒಳಗೆ ಬಂತು. "ಹಿಂದಿನ ಓಣಿ ಕರೇ ಕೋಳಿ ಮೊಮ್ಮಗ ಇದು" ಎಂದು ಅದರ ವಂಶಾವಳಿಯನ್ನೇ ಒಪ್ಪಿಸಿದ.

ಊರಿನವರಿಗೆ ಕೋಳಿ ಎಂದರೆ ಒಂದೋ ಮೊಟ್ಟೆ, ಇಲ್ಲವೇ ಸಾರು. ಮಾವನಿಗೆ ಎರಡೂ ಬೇಡ, ಅವನಿಗೆ ಬೇಕಾದದ್ದು ಗರಿ. ಮೈಯೆಲ್ಲ ಬೆಳ್ಳಗಿರಬೇಕು, ಒಂದೊಂದು ಗರಿಯ ಸುತ್ತಲೂ ಕಾಡಿಗೆ ತೀಡಿದಂಥ ಕಪ್ಪಂಚು ಇರಬೇಕು, ಕೊರಳಿನಿಂದ ಬಾಲದವರೆಗೆ ಆ ಅಂಚು ಎಲ್ಲೂ ಹರಿಯಬಾರದು. ಅಂಥ ಒಂದೇ ಒಂದು ಹೇಂಟೆ ತನ್ನ ಅಂಗಳದಲ್ಲಿ ಹುಟ್ಟಲಿ ಎಂದು ಹನ್ನೆರಡು ವರ್ಷ ಯಾವ ಹುಂಜಕ್ಕೆ ಯಾವ ಹೇಂಟೆ ಎಂದು ಜೋಡಿ ಕೂಡಿಸಿದ. ಸ್ವಂತ ಮಗಳಿಗೆ ಗಂಡು ನೋಡುವಾಗಲೂ ಇಷ್ಟು ಯೋಚನೆ ಮಾಡಿದವನಲ್ಲ.

ಒಮ್ಮೆ ಹಡಗಲಿಯಿಂದ ಒಂದು ಹುಂಜ ತಂದ. ಬಸ್ಸಿನಲ್ಲಿ ಕಂಡಕ್ಟರ್, "ಹುಂಜಕ್ಕೂ ಟಿಕೀಟ್ ತಗೋಬೇಕ್ರಿ" ಎಂದ. ಬೇರೆಯವರಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು. ಮಾವ ಖುಷಿಯಿಂದಲೇ ತೆಗೆದುಕೊಂಡ. "ಟಿಕೀಟ್ ಆತಲ್ಲ? ಈಗ ಅದಕ್ಕ ಕಿಟಕಿ ಕಡಿ ಸೀಟು ಕೊಡ್ರಿ, ತೊಡಿ ಮ್ಯಾಲ ಇಟ್ಕೊಂಡ್ರ ಗರಿ ಮುದುಡ್ತಾವ!" ಹರಪನಹಳ್ಳಿಯವರೆಗೆ ಹುಂಜ ಕುಳಿತು ಬಂತು, ಮಾವ ನಿಂತು ಬಂದ.

ಇನ್ನು ನಮ್ಮಣ್ಣನಿಗೆ ಹೆಣ್ಣು ನೋಡಲು ಹಲವಾಗಲಿಗೆ ಹೋದ ಕಥೆ. ಹುಡುಗಿ ಅವಲಕ್ಕಿ ತಂದುಕೊಟ್ಟು ಒಳಗೆ ಹೋದಳು. ಮಾವನ ಕಣ್ಣು ಮಾತ್ರ ಹಿತ್ತಲ ಬಾಗಿಲ ಕಡೆಗೇ. ಹುಡುಗಿಯ ತಂದೆ ಸಂಕೋಚದಿಂದ, "ಹೆಂಗನಸ್ತು ನಿಮಗ?" ಎಂದು ಕೇಳಿದರು. "ಬಣ್ಣ ಚಲೋ ಐತ್ರಿ, ಬಾಲಾನೂ ನೆಟ್ಟಗೈತಿ. ಕೊಡೋದಾದ್ರ ಬುಟ್ಟ್ಯಾಗ ಹಾಕ್ಕೊಂಡು ಇವತ್ತ ಒಯ್ತೀವಿ!" ಆ ಸಂಬಂಧ ಕುದುರಿದ್ದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತಿಗೆ ಮಾತ್ರ ಇಂದಿಗೂ ಅವನಿಗೆ ಅವಲಕ್ಕಿ ಕೊಡುವುದಿಲ್ಲ.

ಮನೆಯಲ್ಲಿ ನಲವತ್ತು ಕೋಳಿ, ಬೀಗರು ಬಂದರೆ ಬದನೆಕಾಯಿ ಪಲ್ಯ! ಅಂಚು ಹರಿದ ಕೋಳಿಯನ್ನೂ ಕೊಯ್ಯಲು ಬಿಡುತ್ತಿರಲಿಲ್ಲ. "ಇದರ ಮೊಮ್ಮಗಳಿಗೆ ಪೂರಾ ಅಂಚು ಬಂದ್ರ?" ಎನ್ನುವುದು ಅವನ ವಾದ. ಬೆಳಗಾದರೆ ಹಿಕ್ಕೆ ಬಳಿಯುವ ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದಳು: "ನಮ್ಮನ್ಯಾಗ ನಲವತ್ತು ಮಂದಿ ಸೊಸ್ತೇರು ಅದಾರ ನೋಡ್ರಿ. ಒಬ್ಬಾಕಿನೂ ಕಸ ಹೊಡಿಯಂಗಿಲ್ಲ!"

ಕೊನೆಗೂ ಅದು ಬಂತು. ಮರಿ ಬೆಳೆದು ಗರಿ ತುಂಬಿದಾಗ ಮೈತುಂಬ ಕಪ್ಪಂಚು! ಮಾವ ಊರಿನವರನ್ನೆಲ್ಲ ಕರೆದು ತೋರಿಸಿದ. ಬಂದವರು ನೋಡಿದರು, ಚಹಾ ಕುಡಿದರು. ಕಿರಾಣಿ ಅಂಗಡಿಯವನು ಎತ್ತಿ ನೋಡಿ, "ಎರಡು ಕೇಜಿ ಬರಬೌದು" ಎಂದ. ಅವತ್ತು ಮಾವ ಊಟ ಮಾಡಲಿಲ್ಲ. "ಇಷ್ಟು ಮಂದಿ ಬಂದ್ರು, ಒಬ್ರಿಗೂ ಅದು ಕಾಣ್ಲಿಲ್ಲಲ್ಲಬೇ" ಎಂದು ನನ್ನ ಹತ್ತಿರ ಹೇಳಿದ. ನಿಜ ಹೇಳುತ್ತೇನೆ, ನನಗೂ ಕಂಡಿರಲಿಲ್ಲ.

ಮರುತಿಂಗಳೇ ಮಾವನಿಗೆ ನ್ಯುಮೋನಿಯಾ. ದಾವಣಗೆರೆಯ ಆಸ್ಪತ್ರೆಯಲ್ಲಿ ಎರಡು ದಿನ ಡಾಕ್ಟರು ಏನನ್ನೂ ಹೇಳಲಿಲ್ಲ. ಅತ್ತೆ ಊರಮ್ಮನಿಗೆ ಕೋಳಿಯ ಹರಕೆ ಹೊತ್ತಳು. ಜ್ವರ ಇಳಿಯಿತು, ಹರಕೆ ತೀರಿತು, ಪ್ರಸಾದದ ಸಾರು ಡಬ್ಬಿಯಲ್ಲಿ ಆಸ್ಪತ್ರೆಗೂ ಬಂತು. "ಖಾರ ಕಮ್ಮಿ ಆತು" ಎನ್ನುತ್ತಲೇ ಮಾವ ಕುಡಿದ. ನಾನೂ ಕುಡಿದೆ.

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಬುಟ್ಟಿಗಳನ್ನು ಎತ್ತಿ ನೋಡಿದ. ಒಂದು ಬುಟ್ಟಿ ಖಾಲಿಯಿತ್ತು.

"ಎಲ್ಲೈತಿ?"

"ಊರಮ್ಮಗ ಕೊಟ್ಟೆ" ಎಂದಳು ಅತ್ತೆ.

ಆಸ್ಪತ್ರೆಯಲ್ಲಿ ಕುಡಿದ ಸಾರು ನನಗೆ ನೆನಪಾಯಿತು. ಮಾವ ಗೋಡೆ ಹಿಡಿದುಕೊಂಡ. "ನಲವತ್ತು ಇದ್ವಲ್ಲ. ಅದನ್ನ ಯಾಕ ಕೊಟ್ಟಿ?"

"ಬೇಡ್ಕೊಂಡಿದ್ದು ನಿಮ್ಮ ಜೀವಾರಿ. ಕೊರತಿ ಇದ್ದದ್ದು ಹೆಂಗ ಕೊಡ್ಲಿ?" ಅತ್ತೆಯ ಕಣ್ಣಲ್ಲಿ ನೀರಾಡಿತು. "ಬೂದಿ ಕಾಲಿಂದಕ್ಕ ತೊಡಿ ಕೆಳಗ ಅಂಚು ಹರಿದೈತಿ. ಸಣ್ಣದಕ್ಕ ಬೆನ್ನ ಮ್ಯಾಲ ಮೂರು ಗರಿ ಬರೇ ಬಿಳೇವು. ಜುಟ್ಟಿಂದಕ್ಕ ಬಾಲದಾಗ ಬಣ್ಣ ಕಲಸೇತಿ. ಎಲ್ಲೂ ತಪ್ಪದಂಗ ಇದ್ದದ್ದು ಆಕಿ ಒಬ್ಬಾಕಿ. ಕಸ ಹೊಡಿವಾಗ ದಿನಾ ನೋಡ್ತಿದ್ನಲ್ರಿ, ಎಷ್ಟು ಚಂದ ಇದ್ಲು!"

ಮಾವ ಎಷ್ಟೋ ಹೊತ್ತು ಅತ್ತೆಯ ಮುಖವನ್ನೇ ನೋಡುತ್ತ ನಿಂತ. ಆಮೇಲೆ ಕಟ್ಟೆಯ ಮೇಲೆ ಕುಳಿತು, ಪಕ್ಕಕ್ಕೆ ಸರಿದು ಜಾಗ ಮಾಡಿದ.

"ಬಾ, ಇಲ್ಲಿ ಕುಂದ್ರು. ಈ ಸಲ ಯಾವ್ದಕ್ಕ ಯಾವ್ದು ಕೂಡಿಸೋಣ, ನೀನ ಹೇಳು."