ಸೋರುವ ಪಾತ್ರೆ ತಂದ ಸೊಸೆ

ಹೊಸ ಸೊಸೆಯನ್ನು ಊರವರು ವಾರದೊಳಗೆ ನೋಡಿ ಮುಗಿಸುತ್ತಾರೆ. ಹೊಸ ಪಾತ್ರೆಯದು ಹಾಗಲ್ಲ, ಅದನ್ನು ನೋಡಿ ಮುಗಿಸುವವರೇ ಇಲ್ಲ. ನಮ್ಮ ಮನೆಯ ಕಾಫಿ ಫಿಲ್ಟರ್ ಅಂತೂ ಹೋದ ಊರಲ್ಲೆಲ್ಲ ಏನಾದರೊಂದು ತಮಾಷೆ ಮಾಡಿಸಿಯೇ ಮುಂದಿನ ಊರಿಗೆ ಹೊರಡುತ್ತಿತ್ತು.

ನಾನು ಬಳ್ಳಾರಿಯವಳು. ತವರಿನಲ್ಲಿ ಬೆಳಿಗ್ಗೆ ಕಾಫಿ ಗಂಟಲಿಗೆ ಇಳಿಯದೆ ಯಾರಿಗೂ ಮಾತು ಹೊರಡುತ್ತಿರಲಿಲ್ಲ. ಮದುವೆಯಾಗಿ ಬಂದದ್ದು ನಿಜಾಮ ಸೀಮೆಯ ಆಳಂದಕ್ಕೆ. ನಮ್ಮವರು ಅಲ್ಲಿ ಸರಕಾರಿ ಶಾಲೆಯ ಮಾಸ್ತರು. ಮನೆಯಲ್ಲಿ ನಾವಿಬ್ಬರು, ಮತ್ತು ಅತ್ತೆ. ಅಲ್ಲಿ ಎಲ್ಲರಿಗೂ ಚಹಾನೇ ಬೇಕು. ಕಾಫಿಯ ಹೆಸರೆತ್ತಿದರೆ ಅತ್ತೆ ನನ್ನ ಹಣೆ ಮುಟ್ಟಿ ನೋಡುತ್ತಿದ್ದರು.

"ಜ್ವರ ಇಲ್ಲಲ್ಲ ಬೇ? ಮತ್ತ ಕಷಾಯ ಯಾಕ?"

ಈ ಮನೆಯಲ್ಲಿ ಕಾಫಿ ಕುಡಿದೇ ಸಿದ್ಧ, ಕುಡಿಸಿಯೇ ಸಿದ್ಧ ಅಂತ ಆವತ್ತೇ ತೀರ್ಮಾನ ಮಾಡಿದೆ. ಬೀಜ ಕಳಿಸುವುದಕ್ಕೆ ಅಪ್ಪ ಒಪ್ಪಿದ್ದ. ಫಿಲ್ಟರ್ ಮಾತ್ರ ನಾನೇ ಹುಡುಕಬೇಕಾಗಿತ್ತು.

ತೂತಿನ ಮಾಲು

ಸೊಲ್ಲಾಪುರಕ್ಕೆ ಹೋಗುವ ಮೋಟಾರು ಹತ್ತಿ ನಾನೂ ನಮ್ಮವರೂ ಹೋದೆವು. ಪಾತ್ರೆ ಅಂಗಡಿಯ ಮುದುಕ ನಾನು ಬೆರಳು ಮಾಡಿ ತೋರಿಸಿದ ಎರಡು ಫಿಲ್ಟರ್ ಅಟ್ಟದಿಂದ ಇಳಿಸಿದ. ಒಂದು ತಗಡಿನದು, ಹಗುರ. ಬಿಸಿನೀರು ಬಿದ್ದರೆ ಕಾಫಿಗಿಂತ ಮೊದಲು ತಗಡೇ ರುಚಿ ಕೊಡುವಂಥದ್ದು. ಇನ್ನೊಂದು ಹಿತ್ತಾಳೆಯದು, ಒಳಗೆ ಕಲಾಯಿ ಹಾಕಿದ್ದು. ಅದರ ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿದೆ. ತಳದ ತೂತುಗಳೆಲ್ಲ ಸಣ್ಣಗೆ, ಒಂದೇ ಸಮ ಇದ್ದವು. ನೀರು ಕೇಳಿ ಸುರಿದೆ. ತೊಟ್ಟು ತೊಟ್ಟಾಗಿ ಚೆಂದ ಇಳಿಯಿತು.

ಅಂಗಡಿಯವನ ಮುಖ ಸಣ್ಣದಾಯಿತು. ಅಟ್ಟದ ಮೇಲೆ ಎಷ್ಟು ವರ್ಷದಿಂದ ಕೂತಿತ್ತೋ, ಅದು ಏನೆಂಬುದು ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಪಾತ್ರೆಯನ್ನು ನನ್ನ ಕೈಯಿಂದ ಕಸಿದುಕೊಂಡು, "ಮಾಫ್ ಮಾಡ್ರಿ ಅಕ್ಕಾವ್ರ, ನಾ ನೋಡಿದ್ದಿಲ್ಲ. ತಳ ಎಲ್ಲಾ ತೂತು ಬಿದ್ದೈತಿ. ಇಲ್ಲೇ ಕುಂದರ್ರಿ, ಬೆಸಿಗಿ ಹಾಕ್ಸಿ ಕೊಡ್ತೇನಿ" ಅಂತ ಹೊರಟೇಬಿಟ್ಟ.

ನಾನು ಅವನ ಹಿಂದೆ ಓಡಿದೆ. "ಬ್ಯಾಡ್ರಿ! ಸೋರ್ತದಂತನ ತಗೊಳ್ಳಾಕತ್ತೇನಿ!"

ಮುದುಕ ನಿಂತ. ನನ್ನನ್ನೊಮ್ಮೆ ನೋಡಿದ, ಪಾತ್ರೆಯನ್ನೊಮ್ಮೆ ನೋಡಿದ. ಕೊನೆಗೆ ನಮ್ಮವರ ಹೆಗಲ ಮೇಲೆ ಕೈಯಿಟ್ಟು, "ಯಜಮಾನ್ರ, ನೀವು ಭಾಳ ಸಮಾಧಾನದ ಮನಶಾ ಇದ್ದೀರಿ" ಅಂದ.

ರೊಟ್ಟಿಯ ಹುರುಪು

ಬೀಜ ಹುರಿದದ್ದೇನೋ ಸರಿಯಾಯಿತು. ಪುಡಿ ಮಾಡುವ ಮಿಷನ್ ಮಾತ್ರ ಇರಲಿಲ್ಲ. ಅತ್ತೆ ಹಿತ್ತಲಿಗೆ ಹೋದಾಗ ಜೋಳ ಬೀಸುವ ಕಲ್ಲಿಗೇ ಹಾಕಿ ಬೀಸಿದೆ. ಪುಡಿ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಾಯಿತು. ಅದನ್ನು ಫಿಲ್ಟರಿಗೆ ತುಂಬಿ, ಒತ್ತಿ, ಬಿಸಿನೀರು ಸುರಿದು ಕೂತೆ. ತೂತೆಲ್ಲ ಕಟ್ಟಿಕೊಂಡು ಒಂದು ತೊಟ್ಟೂ ಇಳಿಯಲಿಲ್ಲ. ಅತ್ತೆ ಬಂದು ಎದುರಿಗೇ ಕೂತರು. ಸುಮಾರು ಹೊತ್ತು ನೋಡಿ, "ನಿನ್ನ ಮಿಷನ್ ಧ್ಯಾನಕ್ಕ ಕುಂತೈತಿ. ಎಬ್ಬಿಸಬ್ಯಾಡ" ಅಂದು ಎದ್ದು ಹೋದರು.

ನನಗೆ ಅಳುವೇ ಬಂತು. ಪುಡಿಯನ್ನೇನೋ ಬಳಿದು ಚೆಲ್ಲಿದೆ, ಆದರೆ ಬೀಸುವ ಕಲ್ಲನ್ನು ಒರೆಸುವುದು ಮರೆತೇ ಹೋಯಿತು. ಮರುದಿನ ಅತ್ತೆ ಅದೇ ಕಲ್ಲಿನಲ್ಲಿ ಜೋಳ ಬೀಸಿದರು. ರೊಟ್ಟಿ ಕಂದು ಬಣ್ಣಕ್ಕೆ ತಿರುಗಿತ್ತು, ಪರಿಮಳವೂ ಇತ್ತು. ಅತ್ತೆ, "ಈ ಸಲದ ಜ್ವಾಳ ಚಲೋ ಐತಿ" ಅನ್ನುತ್ತಾ ಎರಡು ಹೆಚ್ಚೇ ತಿಂದರು.

ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಮಧ್ಯಾಹ್ನ ಒಂದು ನಿದ್ದೆ ತೆಗೆಯುವವರು ಅವತ್ತು ಪಡಸಾಲೆ ಸಾರಿಸಿದರು, ಹಿತ್ತಲು ಗುಡಿಸಿದರು, ಕೌದಿಗಳನ್ನೆಲ್ಲ ಒಗೆದು ಹಾಕಿದರು. ಸಂಜೆ ಶಾಲೆಯಿಂದ ಬಂದ ನಮ್ಮವರು ತಮ್ಮ ಮನೆ ಹೌದೋ ಅಲ್ಲವೋ ಎಂದು ಬಾಗಿಲಲ್ಲೇ ನಿಂತರು. ಅತ್ತೆ ಸೆರಗು ಬಿಗಿದು ನನ್ನ ಕಡೆ ತಿರುಗಿದರು.

"ಏ ಬೇ, ನಾಳಿಗೂ ಅದ ಹಿಟ್ಟಿನ ರೊಟ್ಟಿ ಬಡಿ. ಅಟ್ಟ ಗುಡಿಸೂದೊಂದು ಹಂಗ ಉಳದೈತಿ!"

ಆಗ ನಿಜ ಹೇಳಿದೆ. ಅವರಿಗೆ ಸಿಟ್ಟೇನೋ ಬಂತು. ಆದರೆ ಕಷಾಯ ಎಂಬ ಮಾತು ಆವತ್ತಿಗೆ ನಿಂತಿತು. ಅಪ್ಪನಿಗೆ ಹೇಳಿ ತರಿ ತರಿ ಪುಡಿ ತರಿಸಿದ ಮೇಲೆ ಅತ್ತೆಯೇ ಬೆಳಿಗ್ಗೆ ಬಟ್ಟಲು ಹಿಡಿದು ಒಲೆಯ ಮುಂದೆ ಕೂರತೊಡಗಿದರು.

ಶೇವು

ಅಫಜಲಪುರಕ್ಕೆ ವರ್ಗವಾಯಿತು. ಅಲ್ಲಿ ಪಕ್ಕದ ಮನೆಯಾಕೆ ಗಟ್ಟಿಗಿತ್ತಿ, ಬಾಯಿ ದೊಡ್ಡದು, ಮನಸ್ಸೂ ದೊಡ್ಡದು. ನಾವು ಮನೆಯಲ್ಲಿ ಇಲ್ಲದ ಒಂದು ದಿನ ಬಂದು, ನನ್ನ ಫಿಲ್ಟರ್ ನೋಡಿದ್ದಾಳೆ. ತಳದಲ್ಲಿ ಸಣ್ಣ ತೂತು, ಮೇಲಿಂದ ಒತ್ತುವುದಕ್ಕೆ ಹಿಡಿಕೆಯ ಬಿಲ್ಲೆ. ಅದು ಶೇವು ಒತ್ತುವ ಒರಳು ಅಂತ ತಾನೇ ನಿರ್ಧರಿಸಿ ಒಯ್ದುಬಿಟ್ಟಿದ್ದಾಳೆ.

ಸಂಜೆ ತಂದು ನೆಲಕ್ಕೆ ಕುಕ್ಕಿದಳು. ಒಳಗೆಲ್ಲ ಕಡಲೆಹಿಟ್ಟು ಗಟ್ಟಿಯಾಗಿ ಕೂತಿತ್ತು.

"ಎಂಥಾ ಒರಳ ಇಟ್ಟೀರಿ ನೀವು? ನಾ ಒತ್ತಿದೆ, ನನ್ನ ಗಂಡ ಒತ್ತಿದ, ಇಬ್ಬರೂ ಕೂಡಿ ಒತ್ತಿದ್ವಿ. ಎಣ್ಣಿ ಸುಟ್ಟು ಹೋತು, ಒಂದು ಎಳಿ ಬೀಳಲಿಲ್ಲ!"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತರು. ಫಿಲ್ಟರನ್ನು ಕೂಸಿನ ಹಾಗೆ ಎತ್ತಿಕೊಂಡರು. "ಇದು ಶೇವಿನ ಒರಳೇನು? ಕಾಫಿ ಮಿಷನ್ ಇದು! ಆಳಂದದಾಗ ಇದರ ಮುಂದ ಮಂದಿ ಕೈ ಕಟ್ಟಿ ನಿಂದರ್ತಿತ್ತು!"

ಆಳಂದದಲ್ಲಿ ಅದರ ಮುಂದೆ ನಿಂತದ್ದು ನಾನೊಬ್ಬಳೇ. ಅತ್ತೆ ಮತ್ತು ನಾನು ಜೋಡಿಯಾಗಿ ಕೂತು ಸೂಜಿಯಿಂದ ಒಂದೊಂದೇ ತೂತು ಬಿಡಿಸಿದೆವು. ನಾಚಿಕೊಂಡ ಆಕೆಗೆ ಮರುದಿನ ಕಾಫಿ ಕೊಟ್ಟೆವು. ಮೊದಲ ಗುಟುಕಿಗೆ ಹುಬ್ಬು ಏರಿತು, ಮುಗಿಸಿ ಬಟ್ಟಲು ಮತ್ತೆ ಮುಂದೆ ಚಾಚಿದಳು.

"ಭಾಳ ಚಲೋ ಐತ್ರಿ. ಆದ್ರ ಖರೇ ಹೇಳ್ತೇನಿ, ಶೇವು ಬಿದ್ದಿದ್ರ ಇನ್ನೂ ಚಲೋ ಇತ್ತು."

ಸಾಹೇಬರ ತನಿಖೆ

ಜೇವರ್ಗಿಗೆ ಬಂದಾಗ ಮಹಾಯುದ್ಧದ ಲಡಾಯಿಯ ಕಾಲ. ಬಜಾರದಲ್ಲಿ ಚಹಾಪುಡಿ ಸಿಕ್ಕರೆ ಹಬ್ಬ. ಅಂಥದ್ದರಲ್ಲಿ ಶಾಲೆ ತನಿಖೆಗೆ ದೊಡ್ಡ ಸಾಹೇಬರು ಬಂದರು. ನಮ್ಮವರ ನೌಕರಿ ಖಾಯಂ ಆಗುವುದು ಅವರ ಒಂದು ಮಾತಿನ ಮೇಲಿತ್ತು. ಅವರ ಸಿಟ್ಟಿಗೆ ಹೆದರಿ ಹಿಂದಿನ ಊರಿನ ಮಾಸ್ತರೊಬ್ಬರು ತಮ್ಮ ಹೆಸರನ್ನೇ ತಪ್ಪು ಹೇಳಿದ್ದರಂತೆ.

ಸಾಹೇಬರು ಮೊದಲು ಮನೆಗೇ ಬಂದು ಪಡಸಾಲೆಯಲ್ಲಿ ಕೂತು, "ಚಾಯ್ ಲಾವ್, ಮಾಸ್ತರ್" ಅಂದರು. ಮನೆಯಲ್ಲಿ ಚಹಾಪುಡಿ ಒಂದು ಚಿಟಿಕೆಯೂ ಇರಲಿಲ್ಲ. ನಮ್ಮವರು ಒಳಗೆ ಬಂದು ಗೋಡೆಗೆ ಒರಗಿಬಿಟ್ಟರು. ನಾನು ಒಲೆಯ ಮೇಲೆ ನೀರಿಟ್ಟು ಫಿಲ್ಟರಿಗೆ ಅಪ್ಪ ಕಳಿಸಿದ್ದ ಕಾಫಿಪುಡಿ ಹಾಕಿದೆ.

ಹೊರಗಿನಿಂದ ಗುಡುಗು ಕೇಳಿತು. "ಎಷ್ಟು ದೇರ್ ಮಾಸ್ತರ್?"

ಅತ್ತೆ ನೀರು ಸುರಿದ ಫಿಲ್ಟರನ್ನು ಎತ್ತಿಕೊಂಡು ಸೀದಾ ಹೊರಗೆ ನಡೆದರು. ಸಾಹೇಬರ ಮುಂದೆ ಸ್ಟೂಲಿನ ಮೇಲೆ ಇಟ್ಟು, "ನೀವ ನೋಡ್ರಿ. ಕೆಳಗ ಬೀಳಾಕತ್ತೈತಿ" ಅಂದರು.

ಸಾಹೇಬರು ಅವಸರಕ್ಕೆ ಬೆರಳಿನಿಂದ ಫಿಲ್ಟರನ್ನು ಟಣ್ ಟಣ್ ತಟ್ಟಿದರು.

"ತಟ್ಟಬ್ಯಾಡ್ರಿ!" ಅತ್ತೆಯ ದನಿಗೆ ಬೀದಿಯ ನಾಯಿ ಎದ್ದು ಓಡಿತು. "ಸುಮ್ಮ ಕುಂದರ್ರಿ!"

ಒಳಗೆ ನಮ್ಮವರು ಕಣ್ಣು ಮುಚ್ಚಿಕೊಂಡರು. ನೌಕರಿ ಹೋಯಿತು ಅಂತ ನಾನೂ ಅಂದುಕೊಂಡೆ. ಬಾಗಿಲ ಸಂದಿಯಿಂದ ನೋಡಿದರೆ ಸಾಹೇಬರು ಕೈ ಮಡಚಿಕೊಂಡು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಕೂತಿದ್ದಾರೆ! ಡಿಕಾಕ್ಷನ್ ಇಳಿಯುವವರೆಗೂ ಅಲುಗಾಡಲಿಲ್ಲ.

ಹಾಲು ಬೆರೆಸಿ ಕೊಟ್ಟೆ. ಕುಡಿದರು. ಇನ್ನೊಂದು ಬಟ್ಟಲು ಕೇಳಿದರು, ಮತ್ತೆ ಇನ್ನೊಂದು. ಶಾಲೆಗೆ ಹೋದವರು ಹುಡುಗರಿಗೆ ನಗುನಗುತ್ತಾ ಪ್ರಶ್ನೆ ಕೇಳಿದರು, ತಪ್ಪು ಹೇಳಿದವರಿಗೂ ಶಹಬ್ಬಾಸ್ ಅಂದರು. ಸಂಜೆ ಹೊರಡುವ ಮುಂಚೆ ಮತ್ತೆ ಮನೆಗೆ ಬಂದು, "ಮಾಸ್ತರ್, ನಿಮ್ಮ ನೌಕರಿ ಪಕ್ಕಾ" ಅಂದರು. ಮತ್ತೆ ಒಂದು ಬಟ್ಟಲು ಕಾಫಿ ಕುಡಿದರು. ಬಟ್ಟಲು ಕೆಳಗಿಟ್ಟು ಅತ್ತೆಯನ್ನು ಕೇಳಿದರು.

"ಅಮ್ಮಾ, ಇಂಥಾ ಕಾಫಿ ಈ ಕಡಿ ನಾ ಎಲ್ಲೂ ಕುಡಿದಿಲ್ಲ. ನಿಮ್ಮ ಸೊಸಿಗಿ ಯಾರು ಕಲಿಸಿದ್ರು?"

ಇಷ್ಟು ವರ್ಷದ ಮೇಲೆ ನನ್ನ ಬಳ್ಳಾರಿಯ ಹೆಸರು ಬರುತ್ತದೆ ಅಂತ ನಾನು ಒಳಗೆ ಸೆರಗು ಸರಿಮಾಡಿಕೊಂಡು ನಿಂತೆ.

ಅತ್ತೆ ಎದೆಯುಬ್ಬಿಸಿ ಹೇಳಿದರು. "ಯಾರು ಕಲಿಸ್ತಾರ್ರಿ? ನಾನ ಕಲಿಸೀನಿ. ಬಳ್ಳಾರಿ ಕಡಿ ಮಂದಿಗಿ ಕಾಫಿ ಏನ್ ಗೊತ್ರಿ, ಪಾಪ!"